ಸಂಡಿಗೆ ಪಕ್ಕದ ಬ್ಯಾಟರಿ

ಕಳೆದ ಭಾನುವಾರ ಬೆಳಿಗ್ಗೆ ನನ್ನ ತಮ್ಮ ಶಿವು ಔರಾದದ ಬಸ್ಸಿಳಿದು ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಗೆ ಬಂದ. ನೀರು ಕೇಳಲಿಲ್ಲ, ಚಹಾ ಕೇಳಲಿಲ್ಲ. ಕೈಚೀಲದಿಂದ ಟವೆಲ್ ಸುತ್ತಿದ ಗಂಟೊಂದನ್ನು ತೆಗೆದ. ನನ್ನ ಡೈನಿಂಗ್ ಟೇಬಲ್ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿಟ್ಟು ಬಿಚ್ಚಿದ.

"ನೋಡಕ್ಕಾ. ಇದಕ್ಕ ಹೊಟ್ಟಿ ಬಂದದ."

ಡ್ರಿಲ್ ಮಷೀನಿನ ಬ್ಯಾಟರಿ. ವೈರಿಲ್ಲದೆ ಓಡುವ ಮಷೀನುಗಳ ಬುಡಕ್ಕೆ ಖಟಕ್ ಎಂದು ಕೂರಿಸುತ್ತಾರಲ್ಲ, ಆ ಕಪ್ಪು ಡಬ್ಬಿ. ಒಂದು ಮಗ್ಗುಲು ಉಬ್ಬಿ, ಜೋಡಿಸಿದ ಜಾಗದಲ್ಲಿ ಬಾಯಿ ಬಿಟ್ಟಿತ್ತು. ಹತ್ತಿರ ಹೋದರೆ ಸಿಹಿ ಸಿಹಿಯಾದ ಒಂದು ಕೆಟ್ಟ ವಾಸನೆ. ನೇಲ್ ಪಾಲಿಶ್ ಬಾಟಲಿ ತೆರೆದಿಟ್ಟ ಹಾಗೆ.

"ಇದನ್ನ ಬಸ್ಸಿನಾಗ ತಂದಿ ಏನು?"

"ಮತ್ತೇನು ಹೆಲಿಕಾಪ್ಟರ್‌ದಾಗ ತರ್ಬೇಕಿತ್ತಾ?"

ನನ್ನ ತಮ್ಮ ಹೀಗೇ. ಔರಾದದಲ್ಲಿ ವಾರ್ಡ್‌ರೋಬ್, ಅಡುಗೆಮನೆ ಕಪಾಟು ಮಾಡುತ್ತಾನೆ. ಕೆಲಸದಲ್ಲಿ ಕೂದಲೆಳೆಯಷ್ಟು ಸಂದು ಬಿಡುವುದಿಲ್ಲ, ಮಾತಿನಲ್ಲಿ ತಾಳ್ಮೆ ಇಲ್ಲ. ಆಗ ಭಾಲ್ಕಿಯಲ್ಲಿ ಒಂದು ಹೊಸ ಮನೆಯ ಕೆಲಸ ಹಿಡಿದಿದ್ದ. ಅಲ್ಲಿ ಇನ್ನೂ ಕರೆಂಟ್ ಬಂದಿರಲಿಲ್ಲ. ಇಡೀ ಕೆಲಸ ಬ್ಯಾಟರಿ ಮೇಲೆಯೇ. ಮೂರು ಬ್ಯಾಟರಿ ಇಟ್ಟುಕೊಂಡಿದ್ದಾನೆ, ಈಚೆಗೆ ಮೂರೂ ಅರ್ಧ ಕೆಲಸಕ್ಕೇ ಕೈ ಕೊಡುತ್ತಿದ್ದವು. ಅವತ್ತು ಬೆಳಿಗ್ಗೆ ಇದನ್ನು ಚಾರ್ಜಿಗೆ ಹಾಕಿದ್ದಾನೆ, ಮುಟ್ಟಲಾಗದಷ್ಟು ಬಿಸಿಯಾಗಿ ಉಬ್ಬಿದೆ. ಸಿಟ್ಟಿನಲ್ಲಿ ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದ್ದಾನೆ.

"ದುಕಾನಿನವರು ಡುಪ್ಲಿಕೇಟ್ ಮಾಲು ಕೊಟ್ಟಾರ. ಇವತ್ತ ಅವರ ದುಕಾನಿನ ಮುಂದ ನಾಕು ಮಂದಿ ಕೂಡಸ್ತೇನಿ. ನೀನೂ ಬಾ. ಪೇಪರ್‌ನಾಗ ಬರೀತಿ, ನಿನಗ ನೋಡಿ ಹೆದರ್ತಾರ."

(ನನ್ನ ಅಂಕಣಕ್ಕೆ ಹೆದರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮನೆಯಲ್ಲಿ ತೋರಿಸಬೇಕಾಗಿದೆ.)

ಹೋದೆ. ಹೆದರಿಸಲಿಕ್ಕಲ್ಲ, ಇವನು ಅಲ್ಲಿ ಹೊಡೆದಾಡಬಾರದು ಎಂದು. ಏಕೆಂದರೆ ಆ ಅಂಗಡಿ ನಮಗೆ ಇವತ್ತಿನದಲ್ಲ. ಹಳೇ ಊರಿನ ಕಿರಿದಾದ ರಸ್ತೆಯಲ್ಲಿ ಖಾಸಿಂ ಚಾಚಾ ಬಲ್ಬು, ಟಾರ್ಚು, ಸೆಲ್ಲು ಮಾರುತ್ತಿದ್ದ ಕಾಲದಿಂದ ನಮ್ಮ ಅಪ್ಪ ಅಲ್ಲಿಗೆ ಹೋಗುತ್ತಿದ್ದ. ಈಗ ಚಾಚಾಗೆ ವಯಸ್ಸಾಗಿದೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ಸಲಾಂ ಹೇಳುವುದೇ ಕೆಲಸ. ವ್ಯಾಪಾರವೆಲ್ಲ ಮಗಳು ನಸ್ರೀನಳದು. ಬಿ.ಎಸ್ಸಿ. ಓದಿದ ಹೆಣ್ಣು. ಅಪ್ಪನ ಕಾಲದ ಬಲ್ಬುಗಳ ಜಾಗದಲ್ಲಿ ಅವಳು ಡ್ರಿಲ್ಲು, ಗ್ರೈಂಡರು, ಗರಗಸದ ಮಷೀನು ಸಾಲಾಗಿ ನೇತು ಹಾಕಿದ್ದಾಳೆ.

ಶಿವು ಅಂಗಡಿ ಮುಂದೆ ನಿಂತು ಟವೆಲ್ ಬಿಚ್ಚಿದ್ದೇ ತಡ, ನಸ್ರೀನ್ ಕೌಂಟರ್ ಬಿಟ್ಟು ಓಡಿ ಬಂದಳು.

"ಒಳಗ ತರಬ್ಯಾಡ್ರಿ ಅಣ್ಣಾ! ಅಲ್ಲೇ ನಿಲ್ರಿ!"

ತಮ್ಮನ ಮುಖ ನೋಡಬೇಕಿತ್ತು. ಜಗಳಕ್ಕೆಂದು ಬಂದವನಿಗೆ ಎದುರಿನವರೇ ಮೊದಲು ಕೂಗಿಬಿಟ್ಟರೆ ಏನು ಮಾಡಬೇಕು?

ಅಂಗಡಿ ಪಕ್ಕದ ಖಾಲಿ ಜಾಗದಲ್ಲಿ ಒಂದು ಕಬ್ಬಿಣದ ಬಕೆಟ್ ಇತ್ತು, ಅರ್ಧ ಮರಳು. ಬ್ಯಾಟರಿಯನ್ನು ಅದರೊಳಗೆ ಮೆಲ್ಲಗೆ ಇಡಿಸಿದಳು. ಆಮೇಲೆ ಶಿವುನ ಕೈಚೀಲದೊಳಗೆ ಇಣುಕಿದಳು. ಅದರಲ್ಲಿ ಬೀಗದ ಕೈ ಗೊಂಚಲು, ಒಂದು ಮುಷ್ಟಿ ಸ್ಕ್ರೂ, ಡ್ರಿಲ್ ಬಿಟ್ಟು.

"ಯಾ ಅಲ್ಲಾ! ಇದರ ಸಂಗಟನೇ ಇಟ್ಟು ತಂದ್ರೇನು? ಇದರ ಬಾಯಾಗಿನ ಎರಡು ತಗಡಿನ ಪತ್ತಿ ನಡುವ ಒಂದು ಸ್ಕ್ರೂ ಸಿಕ್ಕಿದ್ರ ಸಾಕು, ಶಾರ್ಟ್ ಆಗಿ ಬೆಂಕಿ ಹತ್ತತದ. ಚೊಲೋ ಬ್ಯಾಟ್ರಿನೂ ಹಿಂಗ ಬರೇ ಬಾಯಿಲೆ ಒಯ್ಯಬಾರದ್ರಿ, ಮ್ಯಾಲ ಕ್ಯಾಪ್ ಹಾಕ್ಬೇಕು. ಉಬ್ಬಿದ್ದಂತೂ ಬಸ್ಸಿಗಿ ತರಲೇಬಾರದು. ಫೋನ್ ಮಾಡಿದ್ರ ನಾ ಹೇಳ್ತಿದ್ದೆ."

"ಮೊದಲ ನಿಮ್ಮ ಮಾಲು ಯಾಕ ಉಬ್ಬಿತು, ಅದು ಹೇಳ್ರಿ," ಎಂದ ಶಿವು.

ನಸ್ರೀನ್ ಬಕೆಟ್ಟಿಗೆ ಬಗ್ಗಿ ನೋಡಿದಳು. ಬ್ಯಾಟರಿಯ ಒಂದು ಬದಿ ಕಪ್ಪು, ಇನ್ನೊಂದು ಬದಿ ಬಣ್ಣ ಹೋಗಿ ಬೂದು. ಗಾಳಿ ಆಡಲು ಬಿಟ್ಟಿರುವ ಸಂದಿನಲ್ಲಿ ಬಿಳಿಯದೇನೋ ಒಣಗಿ ಅಂಟಿಕೊಂಡಿತ್ತು.

"ಅಣ್ಣಾ, ಇದಕ್ಕ ಸಂಡಿಗಿ ಹ್ಯಾಂಗ ಹತ್ತಿತ್ರಿ?"

"ಸಂಡಿಗಿ? ನನ್ನ ಬ್ಯಾಟ್ರಿಗಿ?" ಶಿವು ನಕ್ಕ.

ನಾನು ನಗಲಿಲ್ಲ. ಬೇಸಿಗೆ. ಭಾನುವಾರ. ಸಂಡಿಗೆ. ಬಣ್ಣ ಹೋದ ಒಂದು ಮಗ್ಗುಲು. ನನಗೆ ಎಲ್ಲವೂ ಕಂಡುಬಿಟ್ಟಿತ್ತು.

ಅವ್ವ.

ನಲವತ್ತು ದಾಟಿದ ಓದುಗರೇ, ನೀವೇ ಹೇಳಿ. ಸೆಲ್ಲು ಬಿಸಿಲಿಗೆ ಇಟ್ಟಿದ್ದೀರೋ ಇಲ್ಲವೋ? ಟಾರ್ಚು ಮಿಣಿಮಿಣಿ ಎಂದರೆ, ರೇಡಿಯೋ ದನಿ ಇಳಿದರೆ, ಸೆಲ್ಲು ತೆಗೆದು ಮಾಳಿಗೆಗೆ ಒಯ್ದವರು ತಾನೇ ನಾವೆಲ್ಲ? ಯಾವ ಪಾಠದಲ್ಲೂ ಇರಲಿಲ್ಲ, ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆದರೂ ಇಡೀ ದೇಶಕ್ಕೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ಅದು ಅವ್ವನ ಖಾತೆ. ಹಲಬರ್ಗಾದಿಂದ ಔರಾದಕ್ಕೆ, ಈಗ ಶಿವುನ ಜೊತೆ ಅವಳಿರುವ ಮನೆಗೆ, ಸೊಸೆಯಾಗಿ ಬಂದಾಗ ಅಲ್ಲಿ ಅವಳ ಒಂದು ಮಾತೂ ನಡೆಯುತ್ತಿರಲಿಲ್ಲವಂತೆ. ಅಜ್ಜಿಯದೇ ದರ್ಬಾರು. ಅಪ್ಪ ದನದ ದವಾಖಾನೆಯಲ್ಲಿ ಕಾಂಪೌಂಡರ್. ಅವನಿಗೆ ರೇಡಿಯೋದ ಹುಚ್ಚು. ಸಂಜೆ ಕನ್ನಡ ವಾರ್ತೆ, ಆಮೇಲೆ ಮರಾಠಿ ವಾರ್ತೆ. ಒಂದೇ ಸುದ್ದಿಯನ್ನು ಎರಡು ಭಾಷೆಯಲ್ಲಿ ಕೇಳಿದ ಮೇಲೇ ಅವನಿಗೆ ನಂಬಿಕೆ ಬರುತ್ತಿತ್ತು. ಒಂದು ದಿನ ರೇಡಿಯೋ ಗೊರಗೊರ ಎಂದಾಗ ಅವ್ವ ಸೆಲ್ಲು ತೆಗೆದು ಬಿಸಿಲಿಗೆ ಇಟ್ಟಳು. "ಇದ್ದ ಸೆಲ್ಲೂ ಕೆಡಸ್ತಾಳ" ಎಂದು ಅಜ್ಜಿ ಬೈದಳು. ಸಂಜೆ ಅಪ್ಪ ಸೆಲ್ಲು ಹಾಕಿದ. ರೇಡಿಯೋ ಓಣಿಗೆಲ್ಲ ಕೇಳುವಂತೆ ಮಾತಾಡಿತು.

"ಇಕಿ ಕೈಗುಣ ಅದ," ಎಂದ ಅಪ್ಪ, ಅಜ್ಜಿಗೆ ಕೇಳುವಂತೆ.

ಅಲ್ಲಿಂದ ಶುರು. ಭಾನುವಾರ ಬಂದರೆ ಅವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಸುಣ್ಣದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಾಳಿಗೆ ಏರುತ್ತಿದ್ದಳು. ಅಪ್ಪನ ಹಳೇ ಧೋತರ ಹಾಸಿ ಒಂದು ಕಡೆ ಸಂಡಿಗೆ, ಒಂದು ಕಡೆ ಸೆಲ್ಲು. ಕಾಗೆ ಕಾಯಲು ಕೋಲು ಹಿಡಿದು ನಡುವೆ ತಾನು. ಮಧ್ಯಾಹ್ನ ಎರಡನ್ನೂ ಹೊರಳಿಸಿ ಹಾಕುತ್ತಿದ್ದಳು. ಇಳಿಸಿ ತಂದಾಗ ಸೆಲ್ಲುಗಳು ಬೆಚ್ಚಗಿರುತ್ತಿದ್ದವು. ಚಳಿಗಾಲದಲ್ಲಿ ಅದನ್ನು ಅಂಗೈಯಲ್ಲಿ ಹಿಡಿದುಕೊಳ್ಳಲು ನಾನೂ ಶಿವೂ ಕಿತ್ತಾಡುತ್ತಿದ್ದೆವು. ಆ ಬಿಸಿ ನನಗೆ ಈಗಲೂ ನೆನಪಿದೆ. ಕೋಳಿ ಎಬ್ಬಿಸಿ ತೆಗೆದ ಮೊಟ್ಟೆಯ ಹಾಗೆ.

ನಮ್ಮ ರೇಡಿಯೋದ ಸೆಲ್ಲು ಮುಗಿದದ್ದೇ ಇಲ್ಲ. ಓಣಿಯ ಹೆಂಗಸರು ತಮ್ಮ ಮನೆಯ ಸೆಲ್ಲು ತಂದು ಅವ್ವನ ಕೈಗೆ ಕೊಡುತ್ತಿದ್ದರು. ಅಜ್ಜಿ ಕೂಡ ಕಡೆಗೆ ತನ್ನ ಟಾರ್ಚು ಕೊಟ್ಟಳು. ಆ ಮನೆಯಲ್ಲಿ ಅವ್ವನ ಮಾತು ನಡೆಯಲು ಶುರುವಾದದ್ದು ಹಾಗೆ. ಅಪ್ಪ ಹೋದ ಮೇಲೂ ಅವಳು ಬಂದವರಿಗೆ ಹೇಳುವ ಕತೆ ಇದೇ: "ನನ್ನ ಕೈಲೇ ಕಾಯಿಸಿದ ಸೆಲ್ಲು, ಅವರ ರೇಡಿಯೋ ಒಂದಿನ ಸುಮ್ಮನ ಕೂಡಲಿಲ್ಲ."

ಇಷ್ಟನ್ನೂ ನಾನು ಅಂಗಡಿಯ ಮುಂದೆ ನಸ್ರೀನಳಿಗೆ ಹೇಳಿದೆ. ಅವಳ ಮುಖ ಗಂಭೀರವಾಯಿತು.

"ಅಕ್ಕಾ, ಆ ಹಳೀ ಸೆಲ್ಲು ಬಿಸಲಿಗಿ ಇಟ್ರ ತುಸು ಹೊತ್ತು ಜೀವ ಬರ್ತಿತ್ತು, ಸುಳ್ಳಲ್ಲ. ಆದ್ರ ಇದು ಲಿಥಿಯಂ. ಇದಕ್ಕ ಬಿಸಲು ದುಶ್ಮನ್. ಮಾಳಗಿ ಮ್ಯಾಲ ಕಾದು ಕೆಂಡ ಆಗಿರ್ತದ, ಅಣ್ಣ ಬಂದು ಹಂಗೇ ಗರಂ ಗರಂ ಚಾರ್ಜಿಗಿ ಹಾಕಿರ್ತಾರ. ಒಳಗ ಕೆಡ್ತಾ ಕೆಡ್ತಾ ಹೋಗ್ಯದ."

"ಅವ್ವಗ ನಾ ಎಂದೂ ಬ್ಯಾಟ್ರಿ ಕೊಟ್ಟಿಲ್ಲ," ಎಂದ ಶಿವು. ದನಿ ಸಣ್ಣದಾಗಿತ್ತು. "ಐತವಾರ ನಾ ಮಲಗಿರ್ತೇನಿ..."

ಆಗ ಕುರ್ಚಿಯಲ್ಲಿದ್ದ ಖಾಸಿಂ ಚಾಚಾ ನಗತೊಡಗಿದರು. ಇಡೀ ಮೈ ಅಲುಗಾಡುವ ನಗು. ಕಣ್ಣಲ್ಲಿ ನೀರು.

"ನಿಮ್ಮ ಅವ್ವಾರು ಇನ್ನೂ ಬಿಸಲಿಗಿ ಇಡ್ತಾರೇನು? ಅರೆ ವಾಹ್. ನಿಮ್ಮ ಅಬ್ಬಾ ನನಗ ಕಸಮ್ ಹಾಕಿದ್ದ ಬೇಟಿ, ಯಾರಿಗೂ ಹೇಳಬ್ಯಾಡ ಅಂತ. ಈಗ ಅವನೂ ಇಲ್ಲ, ಇವತ್ತ ನಾಳೆ ನಾನೂ ಇರಲ್ಲ, ಹೇಳಿಬಿಡ್ತೇನಿ."

ಹೇಳಿದರು. ಅಪ್ಪ ದವಾಖಾನೆಯ ಔಷಧಿ ಒಯ್ಯಲು ಬೀದರಿಗೆ ಬಂದಾಗಲೆಲ್ಲ ಹೊಸ ಸೆಲ್ಲು ಕೊಳ್ಳುತ್ತಿದ್ದನಂತೆ. ಅದೇ ಕಂಪನಿಯದು, ಅದೇ ಬಣ್ಣದ್ದು. ಕೊಂಡು ಸುಮ್ಮನೆ ಹೋಗುತ್ತಿರಲಿಲ್ಲ. ಅಂಗಡಿಯ ಕಲ್ಲಿನ ಮೆಟ್ಟಿಲ ಮೇಲೆ ಕೂತು ಒಂದೊಂದೇ ಸೆಲ್ಲನ್ನು ಉಜ್ಜುತ್ತಿದ್ದ. ಹೊಳಪು ಹೋಗಬೇಕು, ಹಳೆಯದು ಕಾಣಬೇಕು. ಆಮೇಲೆ ರಸ್ತೆಯ ಮಣ್ಣು ತೆಗೆದು ಬುಡಕ್ಕೆ ಹಚ್ಚಿ, ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ.

"ನಾ ಕೇಳ್ದೆ, ಏನಪಾ ಕಾಂಪೌಂಡರ್ ಸಾಬ್, ಹೊಸಾ ಮಾಲು ಯಾಕ ಖರಾಬ್ ಮಾಡ್ತಿ? ಅಂವ ಅಂದ, ಮನ್ಯಾಗ ಹೆಣ್ತಿ ಬಿಸಲಿಗಿ ಇಡ್ತಾಳ, ಅವಳ ಬಿಸಲು ಸೋಲಬಾರದು."

ಮೆಟ್ಟಿಲು ಇನ್ನೂ ಅಲ್ಲೇ ಇದೆ. ನಾನು ಅದರ ಮೇಲೇ ನಿಂತಿದ್ದೆ. ಕೆಳಗಿಳಿದುಬಿಟ್ಟೆ. ಅಪ್ಪನನ್ನು ನಾನು ದನಕ್ಕೆ ಗುಳಿಗೆ ನುಂಗಿಸುವ, ಮಾತು ಕಡಿಮೆ ಆಡುವ ಗಟ್ಟಿ ಮನುಷ್ಯ ಎಂದುಕೊಂಡಿದ್ದೆ. ರಸ್ತೆಯಲ್ಲಿ ಕೂತು ಹೊಸ ಸೆಲ್ಲಿಗೆ ಮಣ್ಣು ಹಚ್ಚುವ ಅಪ್ಪ ನನಗೆ ಗೊತ್ತೇ ಇರಲಿಲ್ಲ.

ಆ ಹೊತ್ತಿಗೆ ಬಕೆಟ್ಟಿನೊಳಗಿಂದ ಸುಸ್ಸ್ ಎಂದು ಶಬ್ದ ಬಂತು.

"ಹಿಂದ ಸರೀರಿ! ಹೊಗಿ ತಗೋಬ್ಯಾಡ್ರಿ!" ನಸ್ರೀನ್ ಎಲ್ಲರನ್ನೂ ರಸ್ತೆಯ ಆ ಬದಿಗೆ ಅಟ್ಟಿದಳು. ಚಾಚಾನ ಕುರ್ಚಿಯನ್ನು ಶಿವು ಚಾಚಾನ ಸಮೇತ ಎತ್ತಿಕೊಂಡು ಓಡಿದ. ಬಿಳಿ ಹೊಗೆ ಎದ್ದಿತು. ಮುಂದೆ ಪಟಪಟ ಎಂದು ಸಿಡಿದು ಒಂದು ಉದ್ದನೆಯ ಬೆಂಕಿ ನಾಲಿಗೆ. ಒಂದು ಸಲ ತಣ್ಣಗಾಯಿತು ಎನ್ನುವಷ್ಟರಲ್ಲಿ ಮತ್ತೆ ಭುಸ್ಸೆಂದಿತು. ಕಬ್ಬಿಣದ ಬಕೆಟ್, ಸುತ್ತ ಖಾಲಿ ಜಾಗ, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ.

ತುಸು ಹೊತ್ತಿಗೆ ಮುಂಚೆ ಅದು ಉಪ್ಪಿನಕಾಯಿ ಪಕ್ಕದಲ್ಲಿತ್ತು. ಅದಕ್ಕೂ ಮುಂಚೆ ತುಂಬಿದ ಬಸ್ಸಿನಲ್ಲಿ ನನ್ನ ತಮ್ಮನ ತೊಡೆಯ ಮೇಲಿತ್ತು.

ಶಿವು ನನ್ನ ಕಡೆ ತಿರುಗಿದ.

"ಅಕ್ಕಾ, ಉಳದ ಎರಡು ಮನ್ಯಾಗೇ ಅವ. ಇವತ್ತ ಐತವಾರ."

ಅವ್ವನಿಗೆ ಫೋನ್ ಮಾಡಿದೆವು. ಎತ್ತಲಿಲ್ಲ. ಅವ್ವನ ಫೋನು ದೇವರ ಗೂಡಿನಲ್ಲಿರುತ್ತದೆ. ಮಾಳಿಗೆ ಮೇಲೆ ಕೂತವಳಿಗೆ ಅದು ಕೇಳುವುದಿಲ್ಲ, ದೇವರೇ ಎತ್ತಬೇಕು. ಶಿವುನ ಹೆಂಡತಿ ಸುನಿತಾ ಮಕ್ಕಳೊಂದಿಗೆ ಭಾಲ್ಕಿಯ ಮದುವೆಗೆ ಹೋಗಿದ್ದಳು. ಪಕ್ಕದ ಮನೆಯವರೂ ಅದೇ ಮದುವೆಗೆ. ಔರಾದಕ್ಕೆ ರೈಲಿಲ್ಲ, ಗೊತ್ತಲ್ಲ. ಸಿಕ್ಕ ಬಸ್ ಹತ್ತಿದೆವು.

ಆ ಮಾಳಿಗೆ ನನ್ನ ಕಣ್ಣ ಮುಂದೆ ಬರುತ್ತಿತ್ತು. ಅದಕ್ಕೆ ಅಂಟಿಕೊಂಡೇ ಶಿವುನ ಶೆಡ್ಡು. ಒಳಗೆ ಪ್ಲೈವುಡ್, ಫೆವಿಕಾಲ್ ಡಬ್ಬ, ಕಟ್ಟಿಗೆಯ ಹೊಟ್ಟಿನ ಚೀಲ. ಮೇಲೆ ಒಣಗಿದ ಧೋತರ, ಬ್ಯಾಟರಿ, ಅದರ ಪಕ್ಕದಲ್ಲೇ ಕೋಲು ಹಿಡಿದು ಕೂತ ಅವ್ವ.

ಬಸ್ಸಿನಲ್ಲಿ ಶಿವು ಬಾಯಿ ಬಿಟ್ಟ. "ಹೋದ ಕೂಡ್ಲೇ ಅಪ್ಪನ ಸುದ್ದಿ ಹೇಳಿಬಿಡಾಮು. ಬಿಸಲಿಲೆ ಏನೂ ಆಗ್ತಿರಲಿಲ್ಲ, ಅಪ್ಪ ಹೊಸಾ ಸೆಲ್ ಹಾಕ್ತಿದ್ದ ಅಂತ. ಅಂದ್ರನೇ ಬಿಡ್ತಾಳ."

"ಹೇಳಿ ನೋಡು."

"ಯಾಕ? ಸುಳ್ಳೇನು?"

"ಅವಳ ಹಂತೇಲಿ ಅಪ್ಪಂದು ಇರೋದು ಅದೊಂದೇ ಕತಿ. ಅದೂ ಕಸ್ಗೊಂತಿ ಏನು?"

"ಕತಿ ಉಳೀತದ, ಅವ್ವ ಸುಡ್ತಾಳ. ನಡೀತದೇನು ನಿನಗ?"

ಅವನು ಹೇಳಿದ್ದೂ ಖರೆ. ಬರೀ ಬೇಡ ಎಂದರೆ ಅವ್ವ ಬಿಡುವವಳಲ್ಲ. "ನಿನಗೇನು ಗೊತ್ತು" ಎಂದು ಮುಂದಿನ ಭಾನುವಾರ ಮತ್ತೆ ಇಡುತ್ತಾಳೆ. ಅವಳ ನಂಬಿಕೆಗೆ ಅಪ್ಪನ ರೇಡಿಯೋದ ಸಾಕ್ಷಿ ಇದೆ. ಆ ಸಾಕ್ಷಿ ಸುಳ್ಳು ಎಂದು ಹೇಳದೆ ಈ ಚಟ ಬಿಡಿಸುವುದು ಹೇಗೆ? ಹೇಳಿದರೆ, ಎಪ್ಪತ್ತು ದಾಟಿದ ಹೆಂಗಸಿಗೆ "ನಿನ್ನ ಕೈಗುಣವೆಲ್ಲ ಬೀದರಿನ ಅಂಗಡಿಯದು" ಎಂದ ಹಾಗೆ. ಶಿವು ಮತ್ತೆ ಅವ್ವನ ನಂಬರ್ ಹಚ್ಚಿದ.

ಸಂತಪುರ ದಾಟುವಾಗ ಫೋನು ಹೊಡೆಯಿತು. ಅವ್ವ!

"ಏನೋ ಶಿವು, ಇಷ್ಟು ಸಲ ಹಚ್ಚೀದಿ? ಯಾರರ ಹೋದ್ರೇನು?"

"ಅವ್ವಾ, ಬ್ಯಾಟ್ರಿ ಎಲ್ಲವ?"

"ಮಾಳಗಿ ಮ್ಯಾಲ ಅವ. ಈಗೇ ಹೊಳ್ಳಿಸಿ ಹಾಕಿ ನೀರು ಕುಡ್ಯಾಕ ಇಳದೀನಿ. ಚೆಂದ ಕಾದಾವ."

"ಮತ್ತ ಮ್ಯಾಲ ಹೋಗಬ್ಯಾಡ! ಮುಟ್ಟಬ್ಯಾಡ! ಮನಿ ಹೊರಗ ಹೋಗಿ ಕೂಡು!"

"ಸಂಡಿಗಿ?"

"ಸಂಡಿಗಿ ಬಿಡು!"

"ಬಿಟ್ರ ಕಾಗಿ ತಿಂತಾವಲ್ಲೋ."

ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. ಹಿಂದಿನ ಸೀಟಿನ ಅಜ್ಜಿಯೊಬ್ಬಳು "ಸಂಡಿಗಿಗಿ ಏನಾಗ್ಯದ್ರಿ?" ಎಂದು ಕೇಳಿದಳು. ನಾನು ಫೋನು ಕಿತ್ತುಕೊಂಡೆ.

"ಅವ್ವಾ, ನಿನ್ನ ಮಗನ ಒಂದು ಬ್ಯಾಟ್ರಿ ನನ್ನ ಕಣ್ಣ ಮುಂದ ಬೆಂಕಿ ಹತ್ತಿ ಸಿಡೀತು. ನನ್ನಾಣಿ, ಹೊರಗ ಹೋಗು."

"ಶಿವೂಗ ಏನೂ ಆಗಿಲ್ಲಲ್ಲ?" ಎಂದಳು. ಇಲ್ಲ ಎಂದ ಮೇಲೆ ಫೋನು ಇಟ್ಟಳು.

ಮನೆ ಮುಟ್ಟಿದಾಗ ಅವ್ವ ಎದುರಿನ ಬೇವಿನ ಮರದ ಕೆಳಗೆ ಕೂತಿದ್ದಳು. ಮಡಿಲಲ್ಲಿ ಸಂಡಿಗೆಯ ಬುಟ್ಟಿ! ಮೇಲೆ ಹೋಗಿ ತಂದಿದ್ದಳು. ("ಒಂದೇ ಸಲ ಹೋಗೀನಿ," ಎಂದು ನಮ್ಮನ್ನೇ ಗದರಿದಳು.)

ಶಿವು ಒಬ್ಬನೇ ಮಾಳಿಗೆ ಏರಿದ. ಅಪ್ಪನ ಧೋತರದ ಮೇಲೆ ಎರಡು ಬ್ಯಾಟರಿ ಸಾಲಾಗಿ ಬಿಸಿಲು ಕಾಯಿಸುತ್ತಿದ್ದವಂತೆ. ಒಂದು ನೆಟ್ಟಗಿತ್ತು, ಒಂದಕ್ಕೆ ಆಗಲೇ ಹೊಟ್ಟೆ ಬರತೊಡಗಿತ್ತು. ನಸ್ರೀನ್ ಹೇಳಿ ಕಳಿಸಿದ್ದಂತೆ ಉದ್ದನೆಯ ಸಲಿಕೆಯಿಂದ ಎರಡನ್ನೂ ಎತ್ತಿ, ಶೆಡ್ಡಿನಿಂದ ದೂರ, ಅಂಗಳದ ಬರಿ ಮಣ್ಣಿನ ಮೇಲೆ ಮರಳು ತುಂಬಿದ ಕಬ್ಬಿಣದ ಬುಟ್ಟಿಯಲ್ಲಿ ಬಿಟ್ಟ. ಸಂಜೆಯವರೆಗೂ ಯಾರೂ ಆ ಕಡೆ ಹಾಯಲಿಲ್ಲ. ಏನೂ ಆಗಲಿಲ್ಲ. ದೇವರು ದೊಡ್ಡವನು ಎಂದು ನಾನು ಅವತ್ತು ಎಷ್ಟು ಸಲ ಅಂದೆನೋ.

ಚಹಾ ಕುಡಿಯುತ್ತ ಶಿವು ಅವ್ವನ ಎದುರು ಕೂತ. ಹೇಳಿಯೇ ಬಿಡುತ್ತಾನೆ ಈ ಒರಟ ಎಂದುಕೊಂಡೆ. ಅವನು ಹೇಳಿದ್ದು ಬ್ಯಾಟರಿಯ ಸಂಗತಿ ಮಾತ್ರ. ಇದು ಆ ಸೆಲ್ಲಲ್ಲ, ಇದಕ್ಕೆ ನೆರಳೇ ಬೇಕು, ಕಾದದ್ದನ್ನು ಚಾರ್ಜಿಗೆ ಹಾಕಿದರೆ ಒಳಗೇ ಬೆಂಕಿ ಹುಟ್ಟುತ್ತದೆ ಎಂದ.

ಅವ್ವ ಎಲೆಗೆ ಸುಣ್ಣ ಸವರುತ್ತಿದ್ದಳು. ಕೈ ನಿಂತಿತು.

"ಅಂದ್ರ ಆವಾಗಿನ ಸೆಲ್ಲಿಗೂ ನನ್ನ ಬಿಸಲು ನಡೀತಿರಲಿಲ್ಲ ಅನ್ರಿ."

ಶಿವು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಆವಾಗ ನಡೀತಿತ್ತು ಅವ್ವಾ," ಎಂದ ನನ್ನ ತಮ್ಮ. ಜೀವಮಾನದಲ್ಲಿ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಾರದವನು. "ಆ ಸೆಲ್ಲು ಬ್ಯಾರೆ, ಇದು ಬ್ಯಾರೆ. ಅಪ್ಪನ ರೇಡಿಯೋ ನಿನ್ನ ಕೈಗುಣಲೇ ನಡೀತು."

ಅವ್ವ ಎಲೆ ಮಡಚಿ ಬಾಯಿಗೆ ಹಾಕಿಕೊಂಡಳು.

ಆಮೇಲೆ ಎದ್ದವಳೇ ಶಿವುನ ಶೆಡ್ಡಿಗೆ ನುಗ್ಗಿದಳು. ಚಾರ್ಜರ್ ಎಲ್ಲಿದೆ ಎಂದು ಕೇಳಿದಳು. ಅದು ಹೊಟ್ಟಿನ ಚೀಲದ ಮೇಲೆ, ಒಂದು ಹಳೇ ಕೌದಿಯ ಮಡಿಕೆಯಲ್ಲಿತ್ತು.

"ನನಗ ಬಿಸಲಿಗಿ ಇಡಬ್ಯಾಡ ಅಂತಿ, ನೀ ಕೌದಿ ಹೊಚ್ಚಿ ಮಲಗಿಸೀದಿ?"

ಸರಿಯಾಗಿ ಬಿತ್ತು. ಶಿವು ಮುಂಜಾನೆಯಿಂದ ಅಂಗಡಿಯವರ ಮೇಲೆ, ಆಮೇಲೆ ಮನಸ್ಸಿನಲ್ಲೇ ಅವ್ವನ ಮೇಲೆ ತಪ್ಪು ಹೊರಿಸಿದ್ದ. ತಾನೋ, ಮಲಗುವ ಮುಂಚೆ ಚಾರ್ಜಿಗೆ ಹಾಕಿ ಬೆಳಗಿನವರೆಗೂ ಬಿಡುತ್ತಿದ್ದ. ಕೆಳಗೆ ಬಿದ್ದು ಪೆಟ್ಟಾದ ಬ್ಯಾಟರಿಯನ್ನೂ ಒರೆಸಿ ಮತ್ತೆ ಕೂರಿಸುತ್ತಿದ್ದ. ಬೇರೆ ಕಂಪನಿಯ ಚಾರ್ಜರ್ ಹಾಕಿ ಜಲ್ದಿ ಆಗುತ್ತದೆ ಎಂದು ಬೀಗುತ್ತಿದ್ದ. ನಮ್ಮ ಮನೆಗಳಲ್ಲಿ ಯಾರು ಬೇರೆ? ನನ್ನ ಫೋನು ರಾತ್ರಿ ನನ್ನ ದಿಂಬಿನ ಕೆಳಗೇ ಚಾರ್ಜ್ ಆಗುತ್ತದೆ. ನಿಮ್ಮದು?

ಸಂಜೆಯೊಳಗೆ ಅವ್ವ ಹೊಸ ಕಾನೂನು ಮಾಡಿದಳು. ಪಡಸಾಲೆಯ ಫರಸಿ ಕಲ್ಲಿನ ಮೇಲೆ, ಸುತ್ತ ಏನೂ ಇಲ್ಲದ ಕಡೆ ಚಾರ್ಜರ್. ಕೆಲಸದಿಂದ ಬಂದ ಬ್ಯಾಟರಿ ಮೊದಲು ನೆರಳಲ್ಲಿ ತಣ್ಣಗಾಗಬೇಕು, ಅವಳು ಕೈ ಇಟ್ಟು ನೋಡಬೇಕು, ಆಮೇಲೆ ಕರೆಂಟು. ಹಸಿರು ದೀಪ ಬಂದರೆ ತೆಗೆಯುವವಳು ಅವಳೇ. ಅವಳು ಮಲಗಿದರೆ ಚಾರ್ಜರೂ ಮಲಗಬೇಕು. ಉಬ್ಬಿದ್ದು, ಬಿರುಕು ಬಿಟ್ಟದ್ದು ಮನೆಯೊಳಗೆ ಬರುವಂತಿಲ್ಲ, ಕಸದ ಗಾಡಿಗೂ ಹಾಕುವಂತಿಲ್ಲ. ನಸ್ರೀನ್ ಹಳೆಯದನ್ನು ವಾಪಸ್ ಪಡೆದು ಸರಿಯಾದ ಕಡೆ ಕಳಿಸುತ್ತಾಳೆ ಎಂದು ನಾನು ಹೇಳಿದ್ದೆ. "ಮತ್ತ ಬಸ್ಸಿನಾಗ ಒಯ್ದಿ ಅಂದ್ರ ಕಾಲು ಮುರೀತೇನಿ. ಆ ಹುಡುಗಿಗಿ ಫೋನ್ ಹಚ್ಚಿ ಹ್ಯಾಂಗ ಒಯ್ಯಬೇಕು ಕೇಳು," ಎಂದಳು ಮಗನಿಗೆ.

ಹೊಸ ಸೆಲ್ಲಿಗೆ ಹೊಸ ಯಜಮಾನಿ. ಶಿವು ಕೈಕಟ್ಟಿ ಕೇಳುತ್ತಿದ್ದ. ನನಗೆ ಒಳಗೊಳಗೇ ಖುಷಿ. ಅಪ್ಪನ ಗುಟ್ಟು ಉಳಿಯಿತು, ಅವ್ವನೂ ಉಳಿದಳು. ಇದಕ್ಕಿಂತ ಒಳ್ಳೆಯ ಭಾನುವಾರ ಯಾರಿಗೆ ಸಿಗುತ್ತದೆ?

ಬಸ್ಸಿನ ಹೊತ್ತಾಯಿತು. ಬಾಗಿಲಲ್ಲಿ ಅವ್ವ ನನ್ನ ಕೈಗೆ ಸಂಡಿಗೆಯ ಪೊಟ್ಟಣ ಕೊಟ್ಟಳು. ಏನಾದರೂ ಮಾತಾಡಬೇಕಲ್ಲ ಎಂದು ನಾನು, "ಖಾಸಿಂ ಚಾಚಾ ನಿನಗ ಕೇಳಿದ್ರು," ಎಂದೆ.

"ಯಾರು? ನಿಮ್ಮಪ್ಪಗ ಸೆಲ್ ಮಾರ್ತಿದ್ದನಲ್ಲ, ಅಂವೇನು?"

ಪೊಟ್ಟಣ ಕೈಯಿಂದ ಜಾರುವುದೊಂದು ಬಾಕಿ.

"ಅವ್ವಾ... ನಿನಗ ಗೊತ್ತಿತ್ತೇನು?"

ಅವ್ವ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದಳು. ಬೆರಳ ತುದಿಗೆ ಇಷ್ಟೇ ಇಷ್ಟು ಸುಣ್ಣ ಹಚ್ಚಿಕೊಂಡು ತೋರಿಸಿದಳು.

"ಬಿಸಲಿಗಿ ಇಟ್ಟ ಒಂದೊಂದು ಸೆಲ್ಲಿನ ಬುಡಕ ನಾ ಹಿಂಗ ಒಂದು ಬೊಟ್ಟು ಇಡ್ತಿದ್ದೆ. ಕಾಯಿಸಿದ್ದು ಗುರ್ತು ಸಿಗಲಿ ಅಂತ. ಅಂವ ಬೀದರಕ ಹೋಗಿ ಬಂದ ಮ್ಯಾಲ ತೆಗದು ನೋಡಿದ್ರ ಬೊಟ್ಟೇ ಇರ್ತಿರಲಿಲ್ಲ, ಬರೇ ಮಣ್ಣು."

"ಮತ್ತ ಯಾಕ ಇಡ್ತಿದ್ದಿ? ಮಂದಿಗೆಲ್ಲ ಯಾಕ ಹೇಳ್ಕೋತ ಬಂದಿ?"

"ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದ. ನಾ ಹ್ಯಾಂಗ ಬಿಡ್ಲಿ?"

"ಶಿವೂನ ಬ್ಯಾಟ್ರಿ?"

ಅವ್ವ ಒಳಗೆ ನೋ‌ಡಿದಳು. ಶಿವು ಫರಸಿ ಕಲ್ಲು ಒರೆಸುತ್ತಿದ್ದ.

"ಸಂಜಿಗಿ ಬಂದು ಬ್ಯಾಟ್ರಿ ಕೂತದ ಅಂತ ಮಾರಿ ಸಣ್ಣ ಮಾಡ್ಕೊಂಡು ನಿಂತ್ರ ಥೇಟ್ ನಿಮ್ಮಪ್ಪ ನಿಂತಂಗ ಕಾಣ್ತಾನ. ನನ್ನ ಕೈ ಸುಮ್ಮನ ಕೂಡಲಿಲ್ಲವಾ. ಇದು ಸಿಡೀತದ ಅಂತ ನನಗೇನು ಗೊತ್ತು."

ದೂರದಲ್ಲಿ ಬಸ್ಸು ಹಾರನ್ ಹೊಡೆಯಿತು. ಅವ್ವ ಬೆರಳಿನ ಸುಣ್ಣವನ್ನು ಬಾಗಿಲ ಚೌಕಟ್ಟಿಗೆ ಒರೆಸುತ್ತ, ಅಪ್ಪ ಅಲ್ಲೇ ಎದುರಿಗೆ ನಿಂತಿದ್ದಾನೆ ಎಂಬಂತೆ ಸಿಡುಕಿದಳು:

"ಮಣ್ಣು ಹಚ್ಚಾಕ ನೆನಪಿರ್ತಿತ್ತಲ್ಲ ಆ ಮನುಷ್ಯಾಗ, ಒಮ್ಮ್ಯಾರ ಒಂದು ಸುಣ್ಣದ ಬೊಟ್ಟು ಇಡಾಕ ಏನಾಗಿತ್ತು?"